ಕಾಲೇಜಿನ ಹೆಸರು, ಬಚ್ಚಲಿನ ಟೈಲ್ಸು

ನನ್ನ ಸ್ಕೂಟಿಯ ಹಿಂಭಾಗದಲ್ಲಿ ನಾನು ಓದಿದ ಕಾಲೇಜಿನ ಹೆಸರು ಅಂಟಿದೆ. ಅಂಟಿಸಿದ್ದು ನಾನಲ್ಲ, ಅಪ್ಪ. ಸೀಟು ಸಿಕ್ಕಿದ ದಿನವೇ, ನಾನಿನ್ನೂ ಆ ಗೇಟು ದಾಟುವ ಮೊದಲೇ, ಸ್ಟಿಕ್ಕರು ಮನೆಗೆ ಬಂದಿತ್ತು. ಬೆಂಗಳೂರಿನ ಹಳೆಯ, ದೊಡ್ಡ ಹೆಸರಿನ ಕಾಲೇಜು. ಬ್ರಾಂಚಿನ ಹೆಸರು ಮಾತ್ರ ಸ್ಟಿಕ್ಕರಿನಲ್ಲಿ ಇರಲಿಲ್ಲ. ಇದ್ದಿದ್ದರೆ ಅಪ್ಪ ಅಂಟಿಸುತ್ತಿದ್ದರೋ ಇಲ್ಲವೋ. ನನಗೆ ಬೇಕಿದ್ದದ್ದು ಎಲೆಕ್ಟ್ರಾನಿಕ್ಸ್. ನನ್ನ ರ‍್ಯಾಂಕಿಗೆ ಅಲ್ಲಿ ಉಳಿದಿದ್ದದ್ದು ಸಿರಾಮಿಕ್ಸ್, ಅಂದರೆ ಪಿಂಗಾಣಿ, ಹೆಂಚು, ಇಟ್ಟಿಗೆಗಳ ಶಾಸ್ತ್ರ. "ಮೊದಲು ಒಳಗೆ ಹೋಗು, ಆಮೇಲೆ ನೋಡೋಣ" ಎಂದರು ಅಪ್ಪ, ರಶ್ಶಿರುವ ಬಸ್ಸಿಗೆ ಹತ್ತಿಸುವವರ ಹಾಗೆ. ಹೋದೆ. ಅಣ್ಣ ಅಂದಿನಿಂದ ನನ್ನನ್ನು ಕಪ್ಪು-ಸಾಸರ್ ಇಂಜಿನಿಯರ್ ಎಂದೇ ಕರೆಯುತ್ತಾನೆ.

ಇಟ್ಟಿಗೆ ಗೂಡುಗಳ ಶಾಖ ಲೆಕ್ಕ ಹಾಕುವುದನ್ನು ಕಲಿತ ಮೇಲೆ, ಕ್ಯಾಂಪಸ್ಸಿಗೆ ಬಂದ ಸಾಫ್ಟ್‌ವೇರ್ ಕಂಪನಿಯೊಂದು ನನ್ನನ್ನು ಆರಿಸಿಕೊಂಡಿತು. ಪಿಂಗಾಣಿಯ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು, ಯಾವುದೋ ದೇಶದ ಬ್ಯಾಂಕಿನ ಪರದೆಯ ಮೇಲಿನ ಗುಂಡಿಗಳು ಒತ್ತಿದರೆ ಕೆಲಸ ಮಾಡುತ್ತವೆಯೇ ಎಂದು ನೋಡುತ್ತೇನೆ. ಸಾಮಾನ್ಯವಾಗಿ ಮಾಡುತ್ತವೆ.

ಹಿಂದಿನವರು ಪರಿಚಯ ಹೇಳಿಕೊಳ್ಳುವಾಗ ಗೋತ್ರ ಹೇಳುತ್ತಿದ್ದರು. ಈಗ ಕಾಲೇಜು, ಕಂಪನಿ. ಆ ಋಷಿ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಿದ್ದ ಎಂದು ಆಗಲೂ ಯಾರೂ ಕೇಳುತ್ತಿರಲಿಲ್ಲ.

ಬೊಮ್ಮಸಂದ್ರದಲ್ಲಿ ನಾನಿರುವ ಮನೆಯ ಓನರ್ ಮುನಿರಾಜಣ್ಣ ಈ ಪದ್ಧತಿಯ ದೊಡ್ಡ ಭಕ್ತರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳು, ಹಿಂದುಗಡೆ ಒಂದು ಶೆಡ್ಡು. ಮನೆ ಕೇಳಿಕೊಂಡು ಬಂದವರಿಗೆ ಅವರದು ಒಂದೇ ಪ್ರಶ್ನೆ: "ಯಾವ ಕಂಪನಿ?" ಉತ್ತರ ಹಿಡಿಸಿದರೆ ಬೀಗದ ಕೈ ಕೊಟ್ಟಂತೆಯೇ. ಹಾಗೆ ಮನೆ ಪಡೆದ ಬಹುದೊಡ್ಡ ಕಂಪನಿಯ ಹುಡುಗನೊಬ್ಬ ಒಣ ನಲ್ಲಿಯನ್ನು ತಿರುಗಿಸಿಟ್ಟು, ಹಾಗೇ ಬಿಟ್ಟು ಊರಿಗೆ ಹೋದ. ನೀರು ಬಂದಾಗ ಅದು ಮೆಟ್ಟಿಲಿಳಿದು ಮುನಿರಾಜಣ್ಣನ ಅಕ್ಕಿ ಮೂಟೆಯವರೆಗೂ ಬಂತು.

ಕಳೆದ ವರ್ಷ ಅವರ ಮಗಳು ಪವಿತ್ರಾಗೆ ಸಿಇಟಿಯಲ್ಲಿ ಪರವಾಗಿಲ್ಲ ಅನ್ನುವಂಥ ರ‍್ಯಾಂಕು ಬಂತು. ಬೇಕಾದ ಕಾಲೇಜು, ಬ್ರಾಂಚುಗಳನ್ನು ಒಂದರ ಕೆಳಗೊಂದು ಇಂಟರ್ನೆಟ್ಟಿನಲ್ಲಿ ತುಂಬಬೇಕು. ಮೊದಲನೆಯದೇ ಸಿಕ್ಕಿಬಿಟ್ಟರೆ ಕೆಳಗಿನವನ್ನು ಯಾರೂ ನೋಡುವುದಿಲ್ಲ. ಹಾಗಾಗಿ ಜಗಳವೆಲ್ಲ ಮೊದಲ ಸಾಲಿಗೆ. ಇಂಟರ್ನೆಟ್ಟು ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ, ಆದ್ದರಿಂದ ಜಗಳ ನಡೆದದ್ದು ನನ್ನ ಮನೆಯಲ್ಲಿ. ಮನೆಗೆ ಜನ ಬಂದರೆ ಚಾಪೆ ಹಾಸಿಕೊಟ್ಟು ನಾನೇ ಹೊರಗೆ ಹೋಗಿಬಿಡೋಣ ಅನ್ನಿಸುವ ಸ್ವಭಾವ ನನ್ನದು.

ಪವಿತ್ರಾಗೆ ಬೇಕಾಗಿದ್ದದ್ದು ಮೆಕ್ಯಾನಿಕಲ್. ಹಿಂದಿನ ಶೆಡ್ಡಿನಲ್ಲಿ ಲೇತ್ ಯಂತ್ರಗಳ ವರ್ಕ್‌ಶಾಪಿದೆ; ಅದರ ಸದ್ದಿಗೆ ನಾನು ಕಿವಿಗೆ ಹತ್ತಿ ಇಟ್ಟುಕೊಂಡರೆ ಅವಳು ಕಿಟಕಿ ತೆರೆಯುತ್ತಾಳೆ. ಆದರೆ ಅವಳ ರ‍್ಯಾಂಕಿಗೆ ಮೆಕ್ಯಾನಿಕಲ್ ಸಿಗುವುದು ಅತ್ತಿಬೆಲೆ ಕಡೆಯ ಒಂದು ಹೊಸ ಕಾಲೇಜಿನಲ್ಲಿ. ಪಕ್ಕದ ಪೆಟ್ರೋಲ್ ಬಂಕಿನವರೂ ಅದರ ಹೆಸರು ಕೇಳಿರಲಿಲ್ಲ. ನನ್ನ ಕಾಲೇಜಿನಲ್ಲಾದರೆ ಏನೋ ಒಂದು ಬ್ರಾಂಚು ಸಿಗುತ್ತಿತ್ತು. ಏನು ಎಂದು ಮುನಿರಾಜಣ್ಣ ಕೇಳಲೂ ಇಲ್ಲ.

"ಮೇಡಂನ ನೋಡು. ಅದೇ ಕಾಲೇಜು, ಈಗ ಎಂಥಾ ಕಂಪನೀಲಿ ಅವ್ರೆ! ನಾಳೆ ನೆಂಟ್ರ ಮುಂದೆ ನಾನು ಯಾವ ಎಸ್ರು ಯೋಳ್ಲಿ?" ಎಂದರು.

"ನೆಂಟ್ರು ಬಂದು ಓದ್ತಾರೇನಪ್ಪಾ? ನಾಲ್ಕು ವರ್ಷ ಕೂತ್ಕೊಳ್ಳೋಳು ನಾನು."

"ನೋಡಿ ಮೇಡಂ, ಇಂಗೆ ಮಾತಾಡ್ತಾಳೆ. ನೀವೇ ಯೋಳಿ."

ಶೋಕೇಸಿನ ಬೊಂಬೆಗೆ ಬಾಯಿ ಬರಬೇಕಾದ ಹೊತ್ತು. "ಹೆಸರಿನಿಂದ ಕೆಲಸ ಸಿಕ್ಕಿದ್ದು ನಿಜ" ಎಂದೆ. ಮುನಿರಾಜಣ್ಣ ಗೆದ್ದವರಂತೆ ಮಗಳ ಕಡೆ ನೋಡಿದರು. "ಆದರೆ ನಾಲ್ಕು ವರ್ಷದಲ್ಲಿ ಒಂದು ಬೆಳಿಗ್ಗೆಯೂ ಕಾಲೇಜಿಗೆ ಹೋಗಬೇಕು ಅಂತ ಆಸೆಯಾಗಲಿಲ್ಲ." ಇದನ್ನು ಅಪ್ಪನಿಗೂ ಹೇಳಿರಲಿಲ್ಲ. ಬಾಯಿಂದ ಬಂದ ಮೇಲೆ ಚಾಪೆಯ ಅಂಚು ಸರಿಮಾಡುತ್ತಾ ಕೂತೆ.

ಪವಿತ್ರಾ ಮೆಲ್ಲಗೆ ಕೇಳಿದಳು: "ಅಪ್ಪಾ, ನಲ್ಲಿ ಬಿಟ್ಟು ಹೋದ್ನಲ್ಲ, ಅವನ್ದು ಯಾವ ಕಂಪನಿ?"

ಮುನಿರಾಜಣ್ಣನಿಗೆ ಅಕ್ಕಿ ಮೂಟೆ ನೆನಪಾಗಿರಬೇಕು. "ಆಕ್ಕೊ ಅತ್ಲಾಗೆ" ಎಂದರು. "ಫಸ್ಟಲ್ಲೇ ಆಕ್ಕೊ."

ಅತ್ತಿಬೆಲೆಯ ಮೆಕ್ಯಾನಿಕಲ್ಲೇ ಸಿಕ್ಕಿತು. ಆದರೆ ಆ ಕಾಲೇಜಿನ ಸ್ಟಿಕ್ಕರು ಯಾವ ಅಂಗಡಿಯಲ್ಲೂ ಇರಲಿಲ್ಲ. ಮುನಿರಾಜಣ್ಣ ಚಂದಾಪುರದ ರೇಡಿಯಂ ಅಂಗಡಿಯಲ್ಲಿ ಎದುರಿಗೇ ನಿಂತು ಅಕ್ಷರ ಮಾಡಿಸಿ, ಕಾರಿನ ಹಿಂದಿನ ಗಾಜಿನ ತುಂಬಾ ಹಾಕಿಸಿದರು. ಈಗ ಅದರಲ್ಲಿ ರಸ್ತೆ ಕಾಣುವುದಿಲ್ಲ. ಕಾಲೇಜಿನ ಹೆಸರು ದೊಡ್ಡದಾಗಲು ತಲೆಮಾರುಗಳೇ ಬೇಕು ಎಂದುಕೊಂಡಿದ್ದೆ; ಒಂದು ಮಧ್ಯಾಹ್ನ ಸಾಕು. ಹೊಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಯಾರೋ ಕೇಳಿದರಂತೆ: "ಅಲ್ಲಿ ಸೀಟು ಸಿಗೋದು ಕಷ್ಟ ಅಲ್ವಾಣ್ಣ?" ಇವರು ಬಹಳ ಕಷ್ಟ ಎಂದರಂತೆ.

ಮೊನ್ನೆ ನನ್ನ ಸ್ಕೂಟಿಯನ್ನು ನೋಡಿ ಅವರಿಗೆ ಮರುಕ ಹುಟ್ಟಿತು. "ನಿಮ್ದು ಮಾಸೋಗ್ಯದೆ ಮೇಡಂ. ಒಸಾದು ಆಕ್ಸಿಬಿಡ್ಲಾ? ಕೆಳಗೆ ಬ್ರಾಂಚೂ ಬರ್ಸೋಣ. ನಿಮ್ದು ಯಾವ್ದು?"

ಕೆಲಸಕ್ಕೆ ಸೇರಿದಾಗಿನಿಂದ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪಿಂಗಾಣಿ, ಟೈಲ್ಸು, ಅಂಥದ್ದು ಎಂದೆ.

"ಟೈಲ್ಸಾ? ಮೊದ್ಲೇ ಯೋಳ್ಬಾರ್ದಾ! ನಮ್ಮ ಬಚ್ಚಲಲ್ಲಿ ಗೋಡೆ ಟೈಲ್ಸು ಎದ್ದು ಬತ್ತಾವೆ. ಬನ್ನಿ, ಒಸಿ ನೋಡಿ."

ನೋಡಿದೆ. ಬೆರಳಿನಿಂದ ಬಡಿದೆ, ಟೊಳ್ಳು ಸದ್ದು. ಯಾವತ್ತೋ ತೂಕಡಿಸುತ್ತಾ ಕೇಳಿದ್ದ ಪಾಠವೊಂದು ಕರೆಯದೆಯೇ ಎದ್ದು ಬಂತು. "ನೀರಲ್ಲಿ ನೆನೆಸದೆ ಅಂಟಿಸಿದ್ದಾರೆ. ಒಣ ಟೈಲ್ಸು ಸಿಮೆಂಟಿನ ನೀರನ್ನೆಲ್ಲ ಕುಡಿದುಬಿಟ್ಟಿದೆ. ಹಿಡಿತ ಎಲ್ಲಿಂದ ಬರುತ್ತೆ?" ಎಂದೆ. ನನ್ನ ದನಿಯಲ್ಲಿ ಒಂದು ಗತ್ತಿತ್ತು. ಬ್ಯಾಂಕಿನ ಗುಂಡಿಗಳ ಮುಂದೆ ಅದು ಎಂದೂ ಬಂದದ್ದಿಲ್ಲ.

ಬಾಗಿಲಲ್ಲಿ ನಿಂತಿದ್ದ ಪವಿತ್ರಾ, ಕೈತುಂಬ ಗ್ರೀಸು ಮೆತ್ತಿಕೊಂಡು, "ಪರವಾಗಿಲ್ಲ ಅಕ್ಕಾ, ನಿಮಗೂ ಏನೋ ಬರುತ್ತೆ" ಎಂದಳು.

ಕಾಲೇಜಿನ ಹೆಸರು ನನಗೆ ತಿಂಗಳು ತಿಂಗಳೂ ಸಂಬಳ ತರುತ್ತದೆ. ಬ್ರಾಂಚು ಈವರೆಗೆ ತಂದದ್ದು, ಮುನಿರಾಜಣ್ಣನ ಹೆಂಡತಿ ಬಚ್ಚಲ ಬಾಗಿಲಿಗೇ ತಂದುಕೊಟ್ಟ ಒಂದು ಲೋಟ ಕಾಫಿ. ಅದನ್ನು ನಿಧಾನವಾಗಿ ಕುಡಿದೆ.

ಹೊಸ ಸ್ಟಿಕ್ಕರು ಬೇಡವೆಂದು ಹೇಳಿ, ಹಳೆಯದನ್ನೂ ಕಿತ್ತುಬಿಡೋಣ ಎಂದು ಉಗುರಿನಿಂದ ಕೆರೆದೆ. ಮೂಲೆ ಕೂಡ ಏಳಲಿಲ್ಲ. ಮುನಿರಾಜಣ್ಣ ತಮ್ಮ ಟೈಲ್ಸನ್ನು ನಮ್ಮಪ್ಪನ ಕೈಯಲ್ಲಿ ಹಾಕಿಸಬೇಕಿತ್ತು.