ಕರಿ ಲೇಪದ ಕೆಳಗೆ

ನಾರ್ಬರ್ಟ್ ಲಕ್ಲೇರ್ ಮೂವತ್ತೊಂದು ಚಳಿಗಾಲ, ಹಿಮ ಕರಗಲೆಂದು ನಮ್ಮೂರಿನ ರಸ್ತೆಗಳಿಗೆ ಉಪ್ಪು ಹಾಕಿದವನು. ಸರೋವರದ ಮೇಲಿಂದ ಹಿಮ ಬರಲು ಶುರುವಾದರೆ ಮೂರು ದಿನ ನಿಲ್ಲುವುದಿಲ್ಲ. ಅವನ ಉಪ್ಪಿನ ಲಾರಿ ಹೋದ ಮೇಲೆಯೇ ಶಾಲೆಯ ಬಸ್ಸು, ಹಾಲಿನ ಟ್ಯಾಂಕರು, ಕೆಲವೊಮ್ಮೆ ಶವದ ಗಾಡಿ ಹೊರಡುತ್ತಿದ್ದವು. ಅವನ ಸ್ವಂತ ಪಿಕಪ್ ಟ್ರಕ್ಕನ್ನು ತುಕ್ಕು ಹಿಡಿಸಿ ತಿಂದದ್ದೂ ಅದೇ ಉಪ್ಪು.

"ಹಾಕ್ದೋನು ನೀನೇ ಅಲ್ವೇನಯ್ಯ, ಯಾರ ಮೇಲೆ ದೂರು ಕೊಡ್ತೀಯ?" ಎಂದು ಗ್ಯಾರೇಜಿನ ಡ್ವೇನ್ ವರ್ಷವೂ ಅವನನ್ನು ಕೆಣಕುತ್ತಿದ್ದ.

ಆ ಮಾರ್ಚಿನಲ್ಲಿ ಬ್ರೇಕಿನ ಎಣ್ಣೆ ಹರಿಯುವ ಕೊಳವೆ ಒಡೆಯಿತು. ಪೆಡಲು ಒತ್ತಿದರೆ ನೆಲಕ್ಕೆ ಹೋಯಿತಂತೆ. ಕೈಬ್ರೇಕು ಎಳೆದು ಹಿಮದ ಗುಡ್ಡೆಗೆ ನುಗ್ಗಿಸಿ ಗಾಡಿ ನಿಲ್ಲಿಸಿದ. ತಿಂಗಳ ಕೊನೆಗೆ, ಡ್ವೇನ್ ಕೊಡುವ ವಾರ್ಷಿಕ ತಪಾಸಣೆಯ ಚೀಟಿಯ ಅವಧಿ ಮುಗಿಯುತ್ತಿತ್ತು. ಹೊಸ ಚೀಟಿ ಅಂಟದಿದ್ದರೆ ಟ್ರಕ್ಕು ರಸ್ತೆಗಿಳಿಯುವಂತಿಲ್ಲ. ಇಳಿಯದಿದ್ದರೆ ಆರ್ಲೀನಳಿಗೆ ಮಧ್ಯಾಹ್ನದ ಊಟವಿಲ್ಲ.

ಆರ್ಲೀನ್ ಅವನ ಹೆಂಡತಿ, ನನ್ನ ಗೆಳತಿ. ನಾವಿಬ್ಬರೂ ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಒಂದೇ ದಿನ ಮೊದಲ ಪರಮಪ್ರಸಾದ ಪಡೆದವರು. ನೆನಪು ಅಳಿಸಿಹೋಗುತ್ತ ಬಂದು, ಎರಡು ವರ್ಷದಿಂದ ನಲವತ್ತು ಮೈಲಿ ದೂರದ ಆರೈಕೆ ಮನೆಯಲ್ಲಿದ್ದಳು. ಅಲ್ಲಿ ಯಾರು ತಿನ್ನಿಸಲು ಬಂದರೂ ತುಟಿ ಬಿಗಿಯುತ್ತಿದ್ದಳು. ನಾರ್ಬರ್ಟನ ಕೈಗೆ ಮಾತ್ರ ಬಾಯಿ ತೆರೆಯುತ್ತಿದ್ದಳು. ಹಾಗಾಗಿ ಅವನು ದಿನಾ ಹೋಗುತ್ತಿದ್ದ. ಬಸ್ಸಿಲ್ಲದ ದಾರಿ.

ಅವನು ಹಿತ್ತಿಲ ಕೊಟ್ಟಿಗೆಯಲ್ಲಿ ಕೆಲಸಕ್ಕೆ ಕೂತ. ತುಕ್ಕು ಹಿಡಿದ ತಿರುಪುಗಳಿಗೆ ಮೂರು ದಿನ ಎಣ್ಣೆ ಕುಡಿಸಿದ. ಒಡೆದ ತುಂಡನ್ನಷ್ಟೇ ಬದಲಿಸುವ ಯೋಚನೆ ಇತ್ತು. ಆದರೆ ಹಳೆಯ ಕೊಳವೆಯನ್ನು ಒಂದು ಕಡೆ ಅಲ್ಲಾಡಿಸಿದರೆ ಇನ್ನೊಂದು ಕಡೆ ಪುಡಿಯಾಗುತ್ತಿತ್ತು. ಕೊನೆಗೆ ಮುಂದಿನಿಂದ ಹಿಂದಿನವರೆಗೆ ಎಲ್ಲವನ್ನೂ ಕಿತ್ತು, ತುಕ್ಕು ಹಿಡಿಯದ ತಾಮ್ರ ಬೆರೆತ ಹೊಸ ಕೊಳವೆ ಬಗ್ಗಿಸಿ ಕೂರಿಸಿದ. ಅದನ್ನು ಗಾಡಿಯ ಭಾರವನ್ನೆಲ್ಲ ಹೊರುವ ಅಡಿಯ ಕಬ್ಬಿಣದ ತೊಲೆಗೆ ಸದ್ಯಕ್ಕೆ ತಂತಿಯಿಂದ ಕಟ್ಟಿದ.

ಕೊಳವೆಯೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು. ಶನಿವಾರ ನನ್ನನ್ನು ಕರೆದ. ನಾನು ಮೇಲೆ ಕೂತು ಪೆಡಲು ಒತ್ತಬೇಕು, ಅವನು ಕೆಳಗೆ ಮಲಗಿ ಚಕ್ರದ ತಿರುಪು ಬಿಡಿಸಬೇಕು.

"ಒತ್ತು ಬರ್ನಿ. ಹಿಡ್ಕೋ. ನಾನು ಹೇಳೋಗಂಟ ಬಿಡ್ಬೇಡ, ಬಿಟ್ರೆ ಮತ್ತೆ ಗಾಳಿ ಎಳ್ಕೊಳ್ಳತ್ತೆ."

ನಾನು ಒತ್ತಿ ಹಿಡಿದು, ಅಭ್ಯಾಸಬಲದಿಂದ 'ನಮೋ ಮರಿಯ' ಹೇಳಿಕೊಳ್ಳತೊಡಗಿದೆ.

"ಏನು ಗೊಣಗ್ತಿದೀಯ?"

"ಪ್ರಾರ್ಥನೆ."

"ಚಿಕ್ಕದು ಯಾವ್ದೂ ಬರಲ್ವೇನೇ ನಿಂಗೆ? ಎಣ್ಣೆ ಎಲ್ಲ ನನ್ ಮುಖಕ್ಕೆ ಸುರೀತಿದೆ. ಬಿಡು ಅಂದ್ರೆ ಕೇಳಿಸ್ಕೋ!"

"ಕಾಲು ನಂದು, ಹೇಳ್ದಾಗ ಬಿಡ್ತೀನಿ. ನೀನು ಬಾಯಿ ಮುಚ್ಕೊಂಡು ಮಲಗು, ಎಣ್ಣೆ ಒಳಗೆ ಹೋದೀತು."

ನಾಲ್ಕು ಚಕ್ರ ಮುಗಿಯುವಷ್ಟರಲ್ಲಿ ಪೆಡಲು ಕಲ್ಲಿನಂತಾಯಿತು. ಅವನು ಹೊರಗೆ ಬಂದು ತಾನೇ ಒಮ್ಮೆ ಒತ್ತಿ ನೋಡಿದ. ಆ ಚಳಿಗಾಲದಲ್ಲಿ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಸೋಮವಾರ ಚೀಟಿ, ಮಧ್ಯಾಹ್ನ ಆರ್ಲೀನ್," ಎಂದ.

ಉಳಿದದ್ದು ತಂತಿ ಬಿಚ್ಚಿ ಕೊಳವೆಗೆ ಕ್ಲಿಪ್ಪು ಹಾಕುವುದು. ತೊಲೆಗೆ ತೂತು ಕೊರೆಯಲು ಹೋದ. ಕೊರೆಯುವ ಸದ್ದೇ ಕೇಳಿಸಲಿಲ್ಲ. ನಾನು ಬಗ್ಗಿ ನೋಡಿದೆ. ಡ್ರಿಲ್ಲು ಬುಡದವರೆಗೂ ಒಳಗೆ ಹೋಗಿತ್ತು. ಅವನು ಅದನ್ನು ಎಳೆದು, ಬೆರಳಿಂದ ಕರಿ ಲೇಪವನ್ನು ಕೆದಕಿದ. ಅಂಗೈಯಗಲದ ಹೊಪ್ಪಳೆ ಎದ್ದು ಬಂತು. ಅದರ ಹಿಂದೆಯೇ ಹಪ್ಪಳದಂಥ ತುಕ್ಕಿನ ಕೆಂಪು ಪದರಗಳು ಅವನ ಎದೆಯ ಮೇಲೆ ಉದುರಿದವು.

ಹನ್ನೊಂದು ವರ್ಷದ ಹಿಂದೆ ಗಂಡಹೆಂಡಿರಿಬ್ಬರೂ ಅಡಿಯಲ್ಲಿ ಮಲಗಿ ಬಳಿದ ಲೇಪ ಅದು. ತುಕ್ಕು ಬರಬಾರದೆಂದು ದಪ್ಪಗೆ ಎರಡು ಪದರ. ಆರ್ಲೀನಳ ಕೂದಲಿಗೆ ಅಂಟಿ, ಕತ್ತರಿಸಿ ತೆಗೆಯಬೇಕಾಯಿತು. ಅದಕ್ಕೆ ಮೊದಲೇ ಗಾಡಿ ಒಂದು ಚಳಿಗಾಲ ಓಡಿತ್ತು. ಸಂದುಗಳಲ್ಲಿ ಕೂತಿದ್ದ ಉಪ್ಪು ಒಳಗೇ ಉಳಿಯಿತು. ಹೊರಗೆ ಕಪ್ಪಗೆ ಹೊಳೆಯುತ್ತಿದ್ದುದರಿಂದ ಯಾರೂ ಕೆದಕಿ ನೋಡಿರಲಿಲ್ಲ.

ಸೋಮವಾರ ಡ್ವೇನ್ ಗ್ಯಾರೇಜು ಬಿಟ್ಟು ತಾನೇ ಕೊಟ್ಟಿಗೆಗೆ ಬಂದ. ಸುತ್ತಿಗೆಯಿಂದ ತೊಲೆಯುದ್ದಕ್ಕೂ ತಟ್ಟುತ್ತ ಹೋದ. ಆವತ್ತು ಕೆಣಕಲಿಲ್ಲ.

"ಬ್ರೇಕು ಚಿನ್ನದಂಥ ಕೆಲಸ ಕಣಯ್ಯ. ನಂಗೂ ಹೀಗೆ ಬರಲ್ಲ."

"ತೊಲೆಗೆ ಪಟ್ಟಿ ಬೆಸುಗೆ ಹಾಕಿದ್ರೆ?" ನಾರ್ಬರ್ಟ್ ಕೇಳಿದ.

"ಯಾವುದಕ್ಕೆ ಹಾಕ್ಲಿ? ಹಿಡ್ಕೊಳ್ಳೋಕೆ ಗಟ್ಟಿ ಕಬ್ಬಿಣ ಒಂದಿಂಚು ತೋರ್ಸು."

ಒಂದಿಂಚೂ ಇರಲಿಲ್ಲ. ಚೀಟಿ ಸಿಗಲಿಲ್ಲ. ಇನ್ನೊಂದು ಗಾಡಿಯ ಮಾತೇ ಇರಲಿಲ್ಲ. ಅವನ ಪಿಂಚಣಿ ಆರೈಕೆ ಮನೆಗೆ ಹೋಗುತ್ತಿತ್ತು.

ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಮಧ್ಯಾಹ್ನ ಬಿಡುವು ಸಿಗುವುದು ಶನಿವಾರ, ಭಾನುವಾರ ಮಾತ್ರ. ಆ ಎರಡು ದಿನ ಅವನನ್ನು ನನ್ನ ಕಾರಿನಲ್ಲಿ ಕರೆದೊಯ್ದೆ. ಬುಧವಾರ ಚರ್ಚಿನವರು ಯಾರಾದರೂ ಅವನನ್ನು ಕರೆದೊಯ್ಯಲು ಬರುತ್ತಿದ್ದರು, ಈಸ್ಟರ್ ಆದಮೇಲೆ ಅದು ನಿಂತಿತು. ಉಳಿದ ದಿನ ಅವನು ಫೋನು ಮಾಡಿ, "ಎಷ್ಟು ತಿಂದ್ಳು?" ಎಂದು ಕೇಳುತ್ತಿದ್ದ. ನರ್ಸುಗಳು ಒಳ್ಳೆಯವರು, ಸುಳ್ಳು ಹೇಳುತ್ತಿರಲಿಲ್ಲ.

ಮೇ ತಿಂಗಳ ಒಂದು ಶನಿವಾರ ಅವನು ಎಂದಿನಂತೆ ಕುರ್ಚಿ ಹತ್ತಿರಕ್ಕೆಳೆದು ಕೂತ. ಮಸೆದ ಆಲೂಗಡ್ಡೆಯ ಚಮಚವನ್ನು ಅವಳ ತುಟಿಗೆ ಹಿಡಿದ. ಆರ್ಲೀನ್ ತುಟಿ ಬಿಗಿದಳು.

"ನಾನು ಕಣೇ," ಎಂದ.

ಅವಳು ಅವನನ್ನು ನೋಡಿದಳು, ಕೋಣೆಗೆ ಬಂದುಹೋಗುವ ಎಲ್ಲರನ್ನೂ ನೋಡುವ ಹಾಗೆ. ಆಮೇಲೆ ಮುಖವನ್ನು ಕಿಟಕಿಯತ್ತ ತಿರುಗಿಸಿದಳು. ಅವನು ಚಮಚ ಕೆಳಗಿಡಲಿಲ್ಲ.

ನರ್ಸು ತಟ್ಟೆ ಒಯ್ಯಲು ಬಂದಳು. "ಇನ್ನೈದು ನಿಮಿಷ ಕೊಡಮ್ಮ," ಎಂದ. ಅವಳು ಕೊಟ್ಟಳು. ನಾನೂ ಬೇಡಿಕೊಂಡೆ, ಮನಸ್ಸಿನಲ್ಲೇ. ಐದು ನಿಮಿಷ ಕಳೆದ ಮೇಲೆ ನರ್ಸು ಮತ್ತೆ ಬಂದು ಬಾಗಿಲಲ್ಲಿ ನಿಂತಳು. ಚಮಚದಲ್ಲಿನ ಆಲೂಗಡ್ಡೆ ಹಾಗೇ ಇತ್ತು.