ಮಿಸ್ರಿ ಎಲ್ಲಿಂದ ಬಂತು?

ಇವತ್ತು ತಾಂಡೂರಿನ ಖಾನಾವಳಿಯಲ್ಲಿ ಊಟ ಆದಮೇಲೆ ಸೋಂಪಿನ ಜೊತೆ ಕಲ್ಲುಸಕ್ಕರೆ ಕೊಟ್ಟರು. ಬಾಯಿಗೆ ಹಾಕಿದ್ದೇ ತಡ, ಕೊಹೀರ್ ಹತ್ತಿರದ ನಮ್ಮೂರ ಶಾಲೆಗೆ ಹೋಗಿಬಿಟ್ಟೆ.

ನಿಜಾಮರ ಕಾಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಉರ್ದು. ಆ ದಿನ ಇನ್ಸ್‌ಪೆಕ್ಟರ್ ಸಾಹೇಬರ ಪರೀಕ್ಷೆ. ಪಾಸಾದರೆ ಜಹೀರಾಬಾದಿನ ದೊಡ್ಡ ಶಾಲೆ, ನಪಾಸಾದರೆ ಕುರಿ ಕಾಯೋದು. ಅಪ್ಪ ನನ್ನ ಎತ್ತರಕ್ಕೆ ಸರಿಯಾಗಿ ಕೋಲು ಕಡಿದಿಟ್ಟಿದ್ದ!

ಸಾಹೇಬರು ನನ್ನ ಎಬ್ಬಿಸಿ, "ಮಿಸ್ರಿ ತಹಜೀಬ್ ಬಗ್ಗೆ ಹೇಳು" ಅಂದರು. ತಹಜೀಬ್ ಅಂದರೆ ನಾಗರಿಕತೆ. ನನ್ನ ಕಿವಿಗೆ ಬಿದ್ದದ್ದು ಮಿಸ್ರಿ ಮಾತ್ರ. ನಮ್ಮ ಕಡೆ ಮಿಸ್ರಿ ಅಂದರೆ ಕಲ್ಲುಸಕ್ಕರೆ.

"ಕೊಹೀರ್ ಸಂತ್ಯಾಗ ಸಿಗ್ತದರಿ ಹುಜೂರ್. ಬಾಯಾಗ ಇಟ್ರ ಕರಗ್ತದ."

ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಮಾಸ್ತರರು ರುಮಾಲಿನಿಂದ ಮುಖ ಮುಚ್ಚಿಕೊಂಡರು.

"ಅರೇ ಗಧೇ! ಮಿಸ್ರ್ ಒಂದು ದೇಶ. ನೈಲ್ ನದಿ, ಪಿರಮಿಡ್ಡು, ಚಿತ್ರದ ಲಿಪಿ, ಅವೆಲ್ಲ ಮಾಡಿದ ಜನ ಮಿಸ್ರಿ!" ಸಾಹೇಬರು ಗದರಿದರು.

"ಹಂಗಾದ್ರ ಹುಜೂರ್, ಸಕ್ಕರಿಗೆ ಅವರ ಹೆಸರು ಯಾಕ ಬಂತ್ರಿ?"

ನಗು ನಿಂತಿತು. ಸಾಹೇಬರು ಬೈಯಲು ತೆರೆದ ಬಾಯಿ ಮುಚ್ಚಿಕೊಂಡರು. ಆಮೇಲೆ ತಾವೇ ನಕ್ಕರು. "ಆ ದೇಶದಿಂದ ಬಂದ ಸಕ್ಕರೆ ಅಂತಲೇ ಆ ಹೆಸರು ಅಂತಾರೆ. ಇಷ್ಟು ವರ್ಷದಲ್ಲಿ ಒಬ್ಬನೂ ಇದನ್ನ ಕೇಳಿರಲಿಲ್ಲ" ಎನ್ನುತ್ತ ನನ್ನ ಹೆಸರಿನ ಮುಂದೆ ಪಾಸ್ ಅಂತ ಬರೆದರು.

ಈ ಕಥೆ ತೆಗೆದಾಗೆಲ್ಲ ಹೆಂಡತಿ "ಶುರು ಆತು" ಅಂತ ಎದ್ದು ಹೋಗ್ತಾಳೆ. ಹೋಗಲಿ ಬಿಡ್ರಿ. ಸಾಹೇಬರ ಬಾಯಿ ಮುಚ್ಚಿಸಿದವ ನಾನು, ಅಕಿ ಅಲ್ಲ.