ಓಂನ ತಟ್ಟೆಗೆ ಕಾವಲು ನಿಂತ ಲಿಲ್ಲಿಯನ್

ಬೆಳಗಿನ ಆರೂವರೆ. ಹೊರಗೆ ಇನ್ನೂ ಕಗ್ಗತ್ತಲು, ಸೈಕಲ್ಲಿನ ಸೀಟಿನ ಮೇಲೆ ಹಿಮ. ಶಾಲೆಯ ಅಡುಗೆಮನೆಯ ದೀಪ ಹಾಕಿದ ಲಿಲ್ಲಿಯನ್ ಕ್ವಾಡ್ರಸ್ ಬಾಗಿಲನ್ನು ಕಾಲಿನಿಂದಲೇ ದೂಡಿ ಮುಚ್ಚುತ್ತಾರೆ. ಬಿಳಿ ಟೋಪಿ ತಲೆಗೇರಿಸುವ ಮೊದಲೇ ಬೈಗುಳ ಶುರು. "ಎಂತ ಸಾವು ಮಾರಾಯ್ರೆ! ಒಂದು ಮಗು ಹೊಟ್ಟೆ ತುಂಬ ತಿಂದ್ರೆ ಇವರಿಗೆ ಯಾಕೆ ಹೊಟ್ಟೆನೋವು?"

ಮಾಮೂಲಿ ದಿನಗಳಲ್ಲಿ ಅವರು ಬೆಂಗಳೂರಿನವರ ಹಾಗೇ ಮಾತಾಡುತ್ತಾರೆ. ಸಿಟ್ಟು ಬಂದಾಗ ಮಾತ್ರ ಉಡುಪಿ ಕಡೆಯ ತಮ್ಮೂರು ಶಿರ್ವದ ಕನ್ನಡ ಹೊರಗೆ ಬರುತ್ತದೆ. ಇತ್ತೀಚೆಗೆ ದಿನವೂ ಬರುತ್ತಿದೆ.

ಸ್ವೀಡನ್ನಿನ ಲಿಂಕೋಪಿಂಗ್ ನಗರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಸಣ್ಣ ಊರಿನ ಶಾಲೆ ಇದು. ದಿನಕ್ಕೆ ಮುನ್ನೂರ ಎಂಬತ್ತು ಮಕ್ಕಳ ಊಟ, ಅಡುಗೆಮನೆಯಲ್ಲಿ ಮೂರೇ ಜನ. ಗಂಡ ಡ್ಯಾನಿಯಲ್‌ಗೆ ಈ ದೇಶದಲ್ಲಿ ಕೆಲಸ ಸಿಕ್ಕಾಗ ಲಿಲ್ಲಿಯನ್ ಊರಿನ ಬ್ಯಾಂಕ್ ನೌಕರಿ ಬಿಟ್ಟು ಬಂದರು. ಭಾಷೆ ಕೈಹಿಡಿಯುವವರೆಗೆ ವೃದ್ಧಾಶ್ರಮದಲ್ಲಿ ನೆಲ ಒರೆಸಿದರು, ಆಮೇಲೆ ಈ ಅಡುಗೆಮನೆ. ಆಲೂಗಡ್ಡೆಯ ಟ್ರೇಗಳನ್ನು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿದೆ, ಮೊಣಕೈವರೆಗೂ ಓವನ್ನಿನ ಸುಟ್ಟ ಗುರುತುಗಳು. ಅದರ ಬಗ್ಗೆ ಕೇಳಿದರೆ, "ಅದೆಲ್ಲ ಬಿಡಿ, ಓಂನ ವಿಷಯ ಬರೀರಿ" ಎನ್ನುತ್ತಾರೆ.

ಓಂಗೆ ಎಂಟು ವರ್ಷ, ಆಟಿಸಂ ಇದೆ. ತಾಯಿ ನೈನಾ ಬೆಂಗಳೂರಿನವರು, ಇಲ್ಲಿ ಐಟಿ ಉದ್ಯೋಗಿ. ಓಂ ತಿನ್ನುವುದು ಕೆಲವನ್ನೇ: ಉಪ್ಪು ಮಾತ್ರ ಹಾಕಿ ಬೇಯಿಸಿದ ಮ್ಯಾಕರೋನಿ, ಗರಿಗರಿ ಒಣ ಬ್ರೆಡ್ಡು, ಶಾಲೆಯಲ್ಲಿ ಗುರುವಾರ ಮಾಡುವ ಪ್ಯಾನ್‌ಕೇಕ್. ಇದು ಹಟವಲ್ಲ. ಬೇರೆ ರುಚಿ ನಾಲಿಗೆಗೆ ತಾಗಿದರೆ ಅವನಿಗೆ ವಾಕರಿಕೆ ಬರುತ್ತದೆ, ಮೈಯೆಲ್ಲ ಬಿಗಿಯುತ್ತದೆ. ಎರಡು ವರ್ಷ ಲಿಲ್ಲಿಯನ್ ಅವನಿಗಾಗಿ ಬೇರೆ ಪಾತ್ರೆಯಲ್ಲಿ ಬೇಯಿಸಿಕೊಟ್ಟರು. ಯಾರಿಗೂ ತೊಂದರೆಯಾಗಲಿಲ್ಲ.

ಕಳೆದ ಸಲ ಎಲೆ ಉದುರುವ ಕಾಲಕ್ಕೆ ಕೊಮ್ಯೂನಿಗೆ, ಅಂದರೆ ಊರಿನ ಆಡಳಿತಕ್ಕೆ, ಖರ್ಚು ಉಳಿಸುವ ಹುಕಿ ಬಂತು. ಬೇರೆ ಊಟ ಬೇಕಾದ ಮಗು ಇನ್ನು ಮೇಲೆ ಪ್ರತಿ ವರ್ಷ ಡಾಕ್ಟರ ಸರ್ಟಿಫಿಕೇಟು ತರಬೇಕಂತೆ. ಆಸ್ಪತ್ರೆಯಲ್ಲಿ ಅದಕ್ಕೆ ಉದ್ದದ ಕ್ಯೂ. ನೈನಾ ಇನ್ನೂ ಕಾಯುತ್ತಲೇ ಇದ್ದಾರೆ, ಲಿಲ್ಲಿಯನ್ ಸರ್ಟಿಫಿಕೇಟಿಲ್ಲದೆಯೇ ಬೇಯಿಸಿಕೊಡುತ್ತಿದ್ದಾರೆ. "ಆಟಿಸಂ ಏನು ಡ್ರೈವಿಂಗ್ ಲೈಸೆನ್ಸಾ, ವರ್ಷ ವರ್ಷ ರಿನ್ಯೂ ಮಾಡ್ಸೋಕೆ?" ಎಂದು ಲಿಲ್ಲಿಯನ್ ಕೇಳುತ್ತಾರೆ. ಕೇಳಿಸಿಕೊಳ್ಳಬೇಕಾದ ಕೊಮ್ಯೂನಿನವರು ಇಮೇಲಿಗೂ ಉತ್ತರ ಕೊಡುವುದಿಲ್ಲ.

ಅದೇ ಹೊತ್ತಿಗೆ ಬಂದ ಅಡುಗೆಮನೆಯ ಹೊಸ ಮುಖ್ಯಸ್ಥೆಗೆ ಜಾಣತನ ಉಕ್ಕಿತು. ಹುಡುಗನಿಗೆ ಪ್ರೋಟೀನ್ ಸಾಲದು ಎಂದು, ಲಿಲ್ಲಿಯನ್ ರಜೆ ಹಾಕಿದ್ದ ಒಂದು ಗುರುವಾರ, ಬೇಳೆ ಬೇಯಿಸಿ ನುಣ್ಣಗೆ ರುಬ್ಬಿ ಪ್ಯಾನ್‌ಕೇಕಿನ ಹಿಟ್ಟಿಗೆ ಬೆರೆಸಿಬಿಟ್ಟರು. ಮಗುವಿಗೆ ಗೊತ್ತಾಗಲಿಕ್ಕಿಲ್ಲ ಅಂದುಕೊಂಡರು. ಓಂ ಒಂದು ಚೂರು ಬಾಯಿಗಿಟ್ಟ, ಉಗಿದ, ಕಿವಿ ಮುಚ್ಚಿಕೊಂಡು ಟೇಬಲ್ಲಿನ ಕೆಳಗೆ ಹೋಗಿ ಕೂತ. ಮಾರನೇ ದಿನದಿಂದ ಮ್ಯಾಕರೋನಿಯನ್ನೂ ಮುಟ್ಟಲಿಲ್ಲ. ಆ ಅಡುಗೆಮನೆಯಿಂದ ಬಂದ ಯಾವುದನ್ನೂ ನಂಬಲಿಲ್ಲ. ಶಾಲೆ ಬಿಡುವವರೆಗೆ ಬರೀ ನೀರು.

ನಮ್ಮವರೇನು ಕಡಿಮೆಯೇ? ಕನ್ನಡಿಗರ ದೀಪಾವಳಿ ಕೂಟದಲ್ಲಿ ನೈನಾಗೆ ಬಿಟ್ಟಿ ಸಲಹೆಗಳ ಸುರಿಮಳೆ. "ಎರಡು ದಿನ ಹಸಿವಲ್ಲಿ ಬಿಡಿ, ತಾನಾಗೇ ತಿಂತಾನೆ" ಎಂದರು ಹೊನ್ನಪ್ಪ ಎಂಬ ಹಿರಿಯರು, ಹೋಳಿಗೆ ಮುರಿಯುತ್ತ. ಲಿಲ್ಲಿಯನ್ ಪಕ್ಕದಲ್ಲೇ ಇದ್ದರು. "ಎರಡು ದಿನ ನೀವೇ ಇದ್ದು ತೋರಿಸಿ ಸರ್. ಮೊದಲು ಆ ಹೋಳಿಗೆ ಕೆಳಗಿಡಿ." ಅವತ್ತಿನಿಂದ ಹೊನ್ನಪ್ಪನವರು ಲಿಲ್ಲಿಯನ್ ಮುಖ ಕಂಡರೆ ಆ ಕಡೆ ತಿರುಗುತ್ತಾರೆ.

ಬೈದರೆ ಮಗುವಿನ ಹೊಟ್ಟೆ ತುಂಬುವುದಿಲ್ಲವಲ್ಲ. ಲಿಲ್ಲಿಯನ್ ಮನೆಯಿಂದ ಒಂದು ಸಣ್ಣ ಕರೆಂಟ್ ಒಲೆ ತಂದು ಊಟದ ಕೋಣೆಯಲ್ಲೇ ಇಟ್ಟರು. ಉಳಿದ ಮಕ್ಕಳ ಗದ್ದಲ ಶುರುವಾಗುವ ಮೊದಲು ಓಂ ಬರುತ್ತಾನೆ. ಪೊಟ್ಟಣ ಒಡೆಯುವುದು, ನೀರು ಹಾಕುವುದು, ಉಪ್ಪು ಉದುರಿಸುವುದು, ಎಲ್ಲವೂ ಅವನ ಕಣ್ಣೆದುರೇ. ಮೊದಮೊದಲು ನಿಂತು ನೋಡಿ ಹೊರಟುಹೋಗುತ್ತಿದ್ದ. ಆಮೇಲೊಂದು ದಿನ ಒಂದು ಮ್ಯಾಕರೋನಿಯನ್ನು ಬೆರಳಲ್ಲಿ ಹಿಸುಕಿ, ಒಳಗೆ ಏನಿದೆ ಎಂದು ನೋಡಿ ಬಿಸಾಡಿದ. ಲಿಲ್ಲಿಯನ್ "ಒಂದೇ ತುತ್ತು ಪುಟ್ಟಾ" ಎಂದು ಹಿಂದೆ ಬೀಳಲಿಲ್ಲ. ಮೂರನೇ ವಾರ ತಾನಾಗಿಯೇ ಚಮಚ ಹಿಡಿದ. ಅವತ್ತೇ ಲಿಲ್ಲಿಯನ್ ಕಚೇರಿಯಲ್ಲಿದ್ದ ನೈನಾಗೆ ಫೋನ್ ಮಾಡಿ ಸುದ್ದಿ ಹೇಳಿದರು.

ಇವತ್ತೂ ಊಟದ ಹೊತ್ತಿಗೆ ಬಂದಿದ್ದಾನೆ. ನೀರು ಕುದಿಯತೊಡಗಿದರೆ ಎರಡೂ ಕೈ ಪಟಪಟ ಆಡಿಸುತ್ತಾನೆ, ಮೂಗಿನಲ್ಲೇ ಏನೋ ಗುನುಗುತ್ತಾನೆ. ಅವನ ಖುಷಿ ಹಾಗೆ. ತಟ್ಟೆ ಖಾಲಿಯಾದ ಕೂಡಲೇ "ಮೇರ್" ಎನ್ನುತ್ತಾನೆ, ಇನ್ನೂ ಬೇಕು ಎಂದು. ಲಿಲ್ಲಿಯನ್ ಮುಖ ಅರಳುತ್ತದೆ.

ಆದರೆ ಮುಖ್ಯಸ್ಥೆಯ ಅಪ್ಪಣೆಯಾಗಿದೆ: ಸೋಮವಾರದಿಂದ ಒಲೆ ಇರಕೂಡದು. ಬಿಟ್ಟರೆ ಉಳಿದ ಮಕ್ಕಳೂ ತಮಗೂ ಬೇಕೆಂದು ಕೇಳುತ್ತಾರಂತೆ. "ಮಕ್ಕಳು ಕೇಳಿದ್ರಲ್ಲ, ಎರಡು ದಿನ ಬಂದು ನೋಡಿದ್ರು. ನೀರು ಕುದಿಯೋದನ್ನ ಎಷ್ಟು ದಿನ ಅಂತ ನೋಡ್ತಾರೆ? ಆಡ್ಲಿಕ್ಕೆ ಓಡಿದ್ರು" ಎನ್ನುತ್ತಾರೆ ಲಿಲ್ಲಿಯನ್. ಒಲೆ ಹೋದರೆ ಓಂಗೆ ಮತ್ತೆ ನೀರೇ ಗತಿ. ತೆಗೆಯುವುದಿಲ್ಲ ಎಂದು ಲಿಲ್ಲಿಯನ್ ಫಿಕಾ ಹೊತ್ತಿನಲ್ಲಿ, ಎಲ್ಲರೂ ಕಾಫಿ ಕುಡಿಯುತ್ತಿರುವಾಗಲೇ, ಮುಖ್ಯಸ್ಥೆಗೆ ಮುಖದ ಮೇಲೇ ಹೇಳಿ ಬಂದಿದ್ದಾರೆ. ಕೆಲಸ ಹೋದರೆ? "ಹೋಗ್ಲಿ. ನೆಲ ಒರೆಸೋದು ಇನ್ನೂ ಮರ್ತಿಲ್ಲ."

ಇಷ್ಟಕ್ಕೆಲ್ಲ ನಿಮಗೇನು ಬೇಕು ಎಂದು ಕೇಳಿದರೆ ಅವರ ದನಿ ಮತ್ತೆ ಏರುತ್ತದೆ. "ನನಗೆಂತ ಬೇಕು? ಮೋಸ ಮಾಡಿದ್ದು ದೊಡ್ಡವರು, ಪರೀಕ್ಷೆ ಎಲ್ಲ ಆ ಮಗುವಿಗೆ. ಹುಡುಗ ಯಾಕೆ ನಂಬೋದಿಲ್ಲ ಅಂತ ಮೀಟಿಂಗ್ ಮೇಲೆ ಮೀಟಿಂಗ್ ಮಾಡಿದ್ರಲ್ಲ, ಅವನ ಎದುರು ಕೂತು 'ಓಂ, ನಮ್ಮದು ತಪ್ಪಾಯ್ತು' ಅಂತ ಒಬ್ಬರಾದ್ರೂ ಹೇಳಿದ್ರಾ? ಅದೊಂದು ಹೇಳ್ಲಿ, ಸಾಕು. ಅವನಿಗೆ ಮಾತು ಕಡಿಮೆ ಅಷ್ಟೇ. ಕಿವಿ ಸರೀ ಕೇಳ್ತದೆ."